ಹೆಜ್ಜಾರ್ಲೆ ನಮ್ಮನ್ನು ನೋಡುವ ಹೊತ್ತು

ರಾತ್ರಿ ಬಹಳ ಹೊತ್ತಾಗಿ, ಬಣ್ಣ ತುಂಬುವವರ ಮೇಜಿನ ದೀಪಗಳೆಲ್ಲ ಆರಿದ ಮೇಲೂ, ಹಾಲಿವುಡ್ಡಿನ ಪೆಪ್ಪರ್‌ಟ್ರೀ ಸ್ಟುಡಿಯೊದ ಓಣಿಯಲ್ಲಿ ಒಂದು ಸಣ್ಣ ಸದ್ದು ಕೇಳಿಸುತ್ತಿತ್ತಂತೆ. ಟಕ್ ಎಂದು ಒಮ್ಮೆ. ತುಸು ಬಿಟ್ಟು ಮತ್ತೆ ಟಕ್. ಬಣ್ಣ ತುಂಬಿದ ಸೆಲ್ಯುಲಾಯ್ಡ್ ಹಾಳೆಯನ್ನು ಮೇಜಿನ ಗೂಟಗಳಿಗೆ ಸಿಕ್ಕಿಸಿ, ನೋಡಿ, ತೆಗೆದು, ಮುಂದಿನದನ್ನು ಸಿಕ್ಕಿಸುವ ಸದ್ದು ಅದು. ಕಾವಲಿನವನು ಅದನ್ನು ಕೇಳಿ, ವರ್ನಾ ಇನ್ನೂ ಮನೆಗೆ ಹೋಗಿಲ್ಲವೆಂದು ತಿಳಿದು, ಹೊರಗಿನ ಬಾಗಿಲಿಗೆ ಬೀಗ ಹಾಕದೆ ಕಾಯುತ್ತಿದ್ದನಂತೆ.

ದೊಡ್ಡ ಸಿನಿಮಾಕ್ಕೆ ಮುನ್ನ ತೋರಿಸುತ್ತಿದ್ದ ನಗೆಯ ಕಾರ್ಟೂನ್ ಕಿರುಚಿತ್ರಗಳ ಚರಿತ್ರೆಯನ್ನು ಬರೆಯುವವರು ನಿರ್ದೇಶಕರನ್ನು ಹೆಸರಿಸುತ್ತಾರೆ, ಚಿತ್ರಕಾರರನ್ನೂ ಸಂಗೀತ ಕೂಡಿಸಿದವರನ್ನೂ ಹೆಸರಿಸುತ್ತಾರೆ. ಕೊನೆಯ ತಪಾಸಣೆಯವರ ಹೆಸರು ಎಲ್ಲಿಯೂ ಬರುವುದಿಲ್ಲ. ಒಂದು ಚಿತ್ರದಲ್ಲಿದ್ದ ಅಂಗಿಯ ಗುಂಡಿ ಮುಂದಿನ ಚಿತ್ರದಲ್ಲಿ ಇಲ್ಲದೆ ಹೋದರೆ, ಹಾಳೆಗಳು ಕ್ಯಾಮೆರಾ ಕೋಣೆಗೆ ಹೋಗುವ ಮುನ್ನ ಅದನ್ನು ಹಿಡಿಯಬೇಕಾದವರು ಅವರು. ಆ ಕೆಲಸವನ್ನು ಮೊದಲು ಸ್ಟುಡಿಯೊದಲ್ಲಿ, ಆಮೇಲೆ ನಮ್ಮ ಕಾಲೇಜಿನ ತರಗತಿಯಲ್ಲಿ, ಒಂದೇ ಶ್ರದ್ಧೆಯಿಂದ ಮಾಡಿ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ವರ್ನಾ ಆಸ್ಟ್ರಾಂಡರ್ ಅವರ ಸ್ಥಾನವನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ಈ ಲೇಖಕಿಗೆ ಹಲವು ದಿನ ತಿಳಿಯಲಿಲ್ಲ. 'ಮಹನೀಯರು' ಎಂದು ಬರೆದರೆ ಅವರೇ ಹೊಡೆದುಹಾಕುತ್ತಾರೆ. ತಮ್ಮ ಅಭಿನಂದನ ಸಂಪುಟದ ಕರಡು ತಿದ್ದುವ ಕೆಲಸವನ್ನು ಅವರೇ ಕೇಳಿ ಪಡೆದಿದ್ದಾರೆ. ಆದ್ದರಿಂದ ಇಲ್ಲಿ ಬರೆಯುವ ಒಂದೊಂದು ಮಾತನ್ನೂ ಅವರ ಪೆನ್ಸಿಲಿಗೆ ಹೆದರಿಕೊಂಡೇ ಬರೆಯಬೇಕಾಗಿದೆ.

ನೆಬ್ರಾಸ್ಕಾದ ಗೋಧಿಯ ಊರೊಂದರಿಂದ ತಾಯಿಯ ಜೊತೆ ರೈಲಿನಲ್ಲಿ ಬಂದ ವರ್ನಾ ಅವರು ಯುದ್ಧದ ವರ್ಷಗಳಲ್ಲಿ ಬಣ್ಣ ತುಂಬುವವರ ಸಾಲಿಗೆ ಸೇರಿದರು. ಕಣ್ಣಿನ ಸೂಕ್ಷ್ಮತೆಯಿಂದಾಗಿ ಬೇಗನೆ ತಪಾಸಣೆಯ ಮೇಜಿಗೆ ಹೋದರು. ತಪ್ಪು ಹಾಳೆಯನ್ನು ಹಿಂದಕ್ಕೆ ಕಳುಹಿಸುವಾಗ ಅದರ ಮೇಲೆ ತಪ್ಪು ಮಾಡಿದವರ ಹೆಸರು ಬರೆಯಬೇಕೆಂಬುದು ಸ್ಟುಡಿಯೊದ ನಿಯಮವಾಗಿತ್ತು. ವರ್ನಾ ಅವರು ಎಂದೂ ಬರೆಯಲಿಲ್ಲ. ಹಾಳೆಯನ್ನು ತಾವೇ ಕೈಯಲ್ಲಿ ಹಿಡಿದು, ಕಾಫಿಯ ಜೊತೆ ತಿನ್ನುವ ದಾಲ್ಚಿನ್ನಿ ಕೇಕಿನ ಒಂದು ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಆ ಹುಡುಗಿಯ ಮೇಜಿಗೆ ಹೋಗುತ್ತಿದ್ದರು. ಬಣ್ಣ ತುಂಬುತ್ತಿದ್ದ ಲೂಪೆ ಅರ್ಮಿಹೊ ಅವರು ಹೇಳುವಂತೆ, ಕೇಕು ಬಂತೆಂದರೆ ತಪ್ಪಾಗಿದೆಯೆಂದು ಸಾಲಿಗೆಲ್ಲ ತಿಳಿಯುತ್ತಿತ್ತು. ಆದರೂ ಕೇಕು ಬೇಡವೆಂದವರು ಯಾರೂ ಇರಲಿಲ್ಲ.

ಆ ಸ್ಟುಡಿಯೊದಲ್ಲಿ ಇನ್ನೊಂದು ಪದ್ಧತಿಯಿತ್ತು. ಹೊಸ ಕಾರ್ಟೂನನ್ನು ಮೊದಲು ಯಾವುದಾದರೂ ಬಡಾವಣೆಯ ಥಿಯೇಟರಿನಲ್ಲಿ, ಮುಂಚಿತವಾಗಿ ಹೇಳದೆ, ಬೇರೊಂದು ಸಿನಿಮಾ ನೋಡಲು ಬಂದ ಜನರಿಗೆ ತೋರಿಸುತ್ತಿದ್ದರು. ಸ್ಟುಡಿಯೊದವರೆಲ್ಲ ಕೊನೆಯ ಸಾಲಿನಲ್ಲಿ ಕೂರಬೇಕು, ಯಾರೂ ನಗಬಾರದು. ಮನೆಯವರ ನಗುವನ್ನು ಕೇಳಿ ಹೊರಗಿನವರು ನಕ್ಕರೆ ಆ ಚಿತ್ರ ನಿಜವಾಗಿ ನಗಿಸಿತೋ ಇಲ್ಲವೋ ಎಂದು ತಿಳಿಯುವುದಿಲ್ಲವಲ್ಲ ಎಂಬುದು ಕಾರಣ. ನಕ್ಕವರ ಕೆಲಸದ ಕುರ್ಚಿಯ ಮೆತ್ತೆಯನ್ನು ಒಂದು ವಾರ ಕಿತ್ತುಕೊಳ್ಳುತ್ತಿದ್ದರು. ಎಲ್ಲಿ ಸಣ್ಣ ನಗು ಬಂತು, ಎಲ್ಲಿ ದೊಡ್ಡದು ಬಂತು ಎಂದು ಗುರುತು ಹಾಕಿಕೊಳ್ಳುವ ಕೆಲಸವನ್ನು ವರ್ನಾ ಅವರಿಗೇ ಕೊಟ್ಟಿದ್ದರು. ಏಕೆಂದರೆ ವರ್ನಾ ಅವರು ಕಾರ್ಟೂನಿಗೆ ನಗುತ್ತಿರಲಿಲ್ಲ. ಬಿಗುಮಾನದಿಂದಲ್ಲ. ಬಿಡಿಬಿಡಿಯಾಗಿ ಒಂದೊಂದೇ ಚಿತ್ರವನ್ನು ವಾರಗಟ್ಟಲೆ ನೋಡಿದವರಿಗೆ ಅವೆಲ್ಲ ಕೂಡಿದಾಗ ಜನ ಏಕೆ ನಗುತ್ತಾರೆಂಬುದು ತಿಳಿಯುತ್ತಿರಲಿಲ್ಲ, ಅಷ್ಟೆ. ತಿಳಿಯದ್ದನ್ನು ತಿಳಿದಂತೆ ತೋರಿಸಿಕೊಳ್ಳುವುದು ಅವರಿಗೆ ಆಗದ ಕೆಲಸ.

ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ಡೆಲ್ಬರ್ಟ್ ಕ್ರಾಸ್ನೋ ಎಂಬ ನಿರ್ದೇಶಕರ ತಂಡಕ್ಕೆ ಕಷ್ಟಕಾಲ ಬಂದಿತ್ತು. ಅವರ ಎರಡು ಚಿತ್ರಗಳಿಗೆ ಜನ ನಕ್ಕಿರಲಿಲ್ಲ. ಮೂರನೆಯದಕ್ಕೂ ನಗದಿದ್ದರೆ ತಂಡವನ್ನು ಮುಚ್ಚಿ ಎಲ್ಲರನ್ನೂ ಮನೆಗೆ ಕಳುಹಿಸುವುದಾಗಿ ಮಾಲೀಕ ಹಾಲಿಸ್ ಗ್ರಿಮ್ ಹೇಳಿದ್ದರು. ವರ್ನಾ ಅವರೂ ಲೂಪೆ ಅವರೂ ಅದೇ ತಂಡದವರು. ಆ ಮೂರನೆಯ ಚಿತ್ರದ ಹೆಸರು 'ಒಂದೇ ಪೆಟ್ಟಿಗೆ'.

ಕಥೆ ಇಷ್ಟೇ. ದೊಡ್ಡ ಹೋಟೆಲೊಂದರ ಬಾಗಿಲಲ್ಲಿ, ಚೀಲದಂಥ ಕೊಕ್ಕಿನ ಹೆಜ್ಜಾರ್ಲೆ ಹಕ್ಕಿಯೊಂದು ಸಮವಸ್ತ್ರ ಹಾಕಿಕೊಂಡು ನಿಂತಿರುತ್ತದೆ. ಒಂದು ಆಮೆ ಸಣ್ಣ ಪೆಟ್ಟಿಗೆ ಹಿಡಿದು ಬರುತ್ತದೆ, ಪೆಟ್ಟಿಗೆಯನ್ನು ಕೆಳಗಿಟ್ಟು ಒಳಗೆ ಹೋಗುತ್ತದೆ. ಹೆಜ್ಜಾರ್ಲೆ ಎತ್ತಲು ಹೋದರೆ ಪೆಟ್ಟಿಗೆ ಅಲುಗುವುದಿಲ್ಲ. ಕೊಕ್ಕು ಹಾಕುತ್ತದೆ, ಹಗ್ಗ ಕಟ್ಟುತ್ತದೆ, ಕ್ರೇನ್ ತರಿಸುತ್ತದೆ. ಕ್ರೇನ್ ಮುರಿಯುತ್ತದೆ, ಹೋಟೆಲು ಒಂದು ಕಡೆಗೆ ವಾಲುತ್ತದೆ, ಪೆಟ್ಟಿಗೆ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಆಮೆ ಹೊರಗೆ ಬಂದು ಅದನ್ನು ಒಂದೇ ಬೆರಳಿನಲ್ಲಿ ಎತ್ತಿಕೊಂಡು ಹೋಗುತ್ತದೆ. ಹೆಜ್ಜಾರ್ಲೆ ಸುಮ್ಮನೆ ನಿಂತು ನಮ್ಮನ್ನು ನೋಡುತ್ತದೆ. ಸಂಗೀತವೂ ಇಲ್ಲ, ಸದ್ದೂ ಇಲ್ಲ. ಬಹಳ ಹೊತ್ತಾದ ಮೇಲೆ ಒಮ್ಮೆ ರೆಪ್ಪೆ ಬಡಿಯುತ್ತದೆ.

ಆ ಭಾಗದ ಹಾಳೆಗಳು ಮೇಜಿಗೆ ಬಂದಾಗ ವರ್ನಾ ಅವರು ಗೊಂದಲಗೊಂಡು, ಕಟ್ಟನ್ನೇ ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋದರು.

"ಮಿಸ್ಟರ್ ಕ್ರಾಸ್ನೋ, ಇಲ್ಲಿ ಹಾಳೆ ಕಳೆದುಹೋಗಿವೆ ಅನ್ಸುತ್ತೆ. ಅದೇ ಚಿತ್ರ, ಅದೇ ಚಿತ್ರ. ಏನೂ ಆಗ್ತಾನೇ ಇಲ್ಲ."

"ಯಾವುದೂ ಕಳೆದಿಲ್ಲಮ್ಮ. ಅಲ್ಲಿ ಅವನು ಯೋಚನೆ ಮಾಡ್ತಿದ್ದಾನೆ."

"ಏನನ್ನ?"

"ಅದು ನನಗೂ ಗೊತ್ತಿಲ್ಲ," ಎಂದರು ಡೆಲ್ಬರ್ಟ್. "ಗೊತ್ತಾಗಿದ್ರೆ ಇಷ್ಟು ಹೊತ್ತು ನಿಲ್ಲಿಸ್ತಿದ್ನಾ?"

ವರ್ನಾ ಅವರು ಹಿಂದಿರುಗಿ ಬಂದು ಹಾಳೆಗಳನ್ನು ಮತ್ತೊಮ್ಮೆ ನೋಡಿದರು. ಗೆರೆ ಸರಿಯಾಗಿತ್ತು, ಬಣ್ಣ ಸರಿಯಾಗಿತ್ತು. ತಪ್ಪು ಸಿಗದೆ ಹೋದದ್ದರಿಂದ ಕಳವಳವೇ ಹೆಚ್ಚಾಗಿ, ಬೇರೆ ದಾರಿಯಿಲ್ಲದೆ ಕ್ಯಾಮೆರಾ ಕೋಣೆಗೆ ಕಳುಹಿಸಿದರು.

ಗ್ಲೆಂಡೇಲಿನ ಥಿಯೇಟರಿನಲ್ಲಿ ಅದನ್ನು ತೋರಿಸಿದ ಸಂಜೆ ಸೆಕೆ ಬಹಳವಿತ್ತು. ಜನ ಯುದ್ಧದ ಸಿನಿಮಾಕ್ಕೆ ಬಂದವರು; ಕಾರ್ಟೂನಿನ ಮೇಲೆ ಅವರಿಗೆ ಮನಸ್ಸಿರಲಿಲ್ಲ. ಕೊಕ್ಕು ಸಿಕ್ಕಿಕೊಂಡಿತು, ಯಾರೂ ನಗಲಿಲ್ಲ. ಹಗ್ಗ ಹರಿಯಿತು, ಯಾರೋ ಕೆಮ್ಮಿದರು. ಕ್ರೇನ್ ಮುರಿದಾಗ ಪಾಪ್‌ಕಾರ್ನ್ ಪೊಟ್ಟಣದ ಸದ್ದು ಕೇಳಿಸಿತು. ಕೊನೆಯ ಸಾಲಿನಲ್ಲಿ ಡೆಲ್ಬರ್ಟ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಿದ್ದರು. ವರ್ನಾ ಅವರ ಪೆನ್ಸಿಲಿಗೆ ಕೆಲಸವೇ ಇರಲಿಲ್ಲ. ಲೂಪೆ ಅವರಿಗೆ ನಾಳೆಯಿಂದ ಕೆಲಸವಿಲ್ಲ, ತನಗೂ ಇಲ್ಲ, ಅಮ್ಮನಿಗೆ ಏನು ಹೇಳುವುದು ಎಂದು ಅವರು ಯೋಚಿಸುತ್ತಿದ್ದಾಗ ಆಮೆ ಪೆಟ್ಟಿಗೆ ಎತ್ತಿಕೊಂಡು ಹೋಯಿತು, ಹೆಜ್ಜಾರ್ಲೆ ನೋಡತೊಡಗಿತು.

ಮುಂದೆ ಆದದ್ದನ್ನು ಅವರ ಮಾತಿನಲ್ಲೇ ಕೊಡುವುದು ಸುರಕ್ಷಿತ. "ಅದು ನನ್ನನ್ನೇ ಕೇಳಿದ ಹಾಗಾಯ್ತು, ನಿನಗೇನಾದ್ರೂ ಅರ್ಥ ಆಯ್ತಾ ಅಂತ. ನನಗೂ ಆಗಿರಲಿಲ್ಲ. ಒಂದು ನಗು ಬಂದುಬಿಡ್ತು."

ಬಿಕ್ಕಳಿಕೆಯಂಥ, ಎತ್ತರದ ದನಿಯ ಸಣ್ಣ ನಗು. ಕತ್ತಲಲ್ಲಿ ಅದು ಒಂಟಿಯಾಗಿ ಮೇಲೆದ್ದಿತು. ಮುಂದಿನ ಸಾಲಿನ ಯಾರೋ ಅದನ್ನು ಕೇಳಿ ನಕ್ಕರು; ಅವರ ಮುಂದಿನವರು ನಕ್ಕರು; ರೆಪ್ಪೆ ಬಡಿಯುವಷ್ಟರಲ್ಲಿ ಇಡೀ ಥಿಯೇಟರು ನಗುತ್ತಿತ್ತು. ಯುದ್ಧದ ಸಿನಿಮಾ ಶುರುವಾದ ಮೇಲೂ ಕೆಲವರು ನಗು ತಡೆಯಲಾರದೆ ಎದ್ದು ಹೊರಗೆ ಹೋದರಂತೆ.

ಹೊರಗೆ ಕಾಲುದಾರಿಯಲ್ಲಿ ಸ್ಟುಡಿಯೊದವರು ಗುಂಪಾಗಿ ನಿಂತಿದ್ದರು.

"ಯಾವಳೋ ಮುಂಚೆ ನಕ್ಕಳಲ್ಲ," ಎಂದರು ಹಾಲಿಸ್ ಗ್ರಿಮ್, ಚುಟ್ಟಾ ಕಚ್ಚಿಕೊಂಡೇ. "ತುಳಿಸಿಕೊಂಡ ಕೋಳಿ ಕೂಗಿದ ಹಾಗೆ. ದೇವರು ಆಕೆಯನ್ನ ಚೆನ್ನಾಗಿ ಇಟ್ಟಿರಲಿ."

"ನಮ್ಮ ಸಾಲಿನಿಂದಲೇ ಬಂತು ಸಾರ್," ಎಂದರು ಲೂಪೆ. "ಯಾರದೋ ಮೆತ್ತೆ ಹೋಗುತ್ತೆ ಇವತ್ತು."

"ನಿಂದೇ ಇರಬೇಕು," ಎಂದರು ಗ್ರಿಮ್.

"ನಾನು ನಕ್ಕರೆ ನಿಮ್ಮ ಟೋಪಿ ಹಾರ್ತಿತ್ತು, ನೋಡ್ಕೊಳ್ಳಿ, ತಲೆ ಮೇಲೇ ಇದೆ."

ಯಾರೋ ವರ್ನಾ ಅವರ ಕಡೆ ಬೊಟ್ಟು ಮಾಡಿದರು. ಡೆಲ್ಬರ್ಟ್ ಅವರು ತಲೆಯಾಡಿಸಿದರು. "ವರ್ನಾನಾ? ವರ್ನಾ ನಕ್ಕರೆ ಗ್ಲೆಂಡೇಲಿಗೆ ಭೂಕಂಪ ಬರುತ್ತೆ ಕಣಯ್ಯ."

ಎಲ್ಲರೂ ನಕ್ಕರು. ವರ್ನಾ ಅವರು ಪೆನ್ಸಿಲನ್ನು ಚೀಲಕ್ಕೆ ಹಾಕಿಕೊಂಡರು. ತಂಡ ಉಳಿಯಿತು. ಮುಂದೆ ಹಲವು ವರ್ಷ, ಒಂದಕ್ಕಿಂತ ಒಂದು ಚೆಂದದ ಚಿತ್ರಗಳನ್ನು ಅದು ಮಾಡಿತು. 'ಒಂದೇ ಪೆಟ್ಟಿಗೆ' ಎಲ್ಲ ಕಡೆ ಓಡಿತು. ತಪ್ಪು ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದ ಒಬ್ಬರಿಗೆ ಮಾತ್ರ, ತಾವು ಮಾಡಿದ್ದು ತಪ್ಪೋ ಅಲ್ಲವೋ ಎಂಬುದು ಬಗೆಹರಿಯದೆ ಉಳಿಯಿತು. ಜನ ನಕ್ಕದ್ದು ಹೆಜ್ಜಾರ್ಲೆಗೋ, ಕತ್ತಲಲ್ಲಿ ಕೇಳಿದ ಬಿಕ್ಕಳಿಕೆಗೋ? ಮೊದಲನೆಯದಾದರೆ ಡೆಲ್ಬರ್ಟ್ ದೊಡ್ಡ ಕಲಾವಿದರು. ಎರಡನೆಯದಾದರೆ ಅಷ್ಟು ಜನರ ಅನ್ನ ಒಂದು ಮೋಸದ ಮೇಲೆ ನಿಂತಿತ್ತು.

ಹೀಗಾಗಿ ಆ ಚಿತ್ರ ಎಲ್ಲಿ ಪ್ರದರ್ಶನವಾದರೂ ವರ್ನಾ ಅವರು ಹೋಗುತ್ತಿದ್ದರು. ಗ್ರಂಥಾಲಯದ ನೆಲಮಾಳಿಗೆಗೆ, ಶಾಲೆಯ ವ್ಯಾಯಾಮದ ಹಾಲಿಗೆ, ಆಸ್ಪತ್ರೆಯ ಮಕ್ಕಳ ವಾರ್ಡಿಗೆ. ಕೊನೆಯ ಸಾಲಿನಲ್ಲಿ ಕುಳಿತು, ಆ ಜಾಗ ಬರುವ ಮುನ್ನ ಕತ್ತಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಪ್ರತಿ ಸಲವೂ ಜನ ಅಲ್ಲೇ ನಗುತ್ತಿದ್ದರು. ಅಭಿಮಾನದಿಂದ ಬರುತ್ತಾರೆಂದೇ ನಾವೆಲ್ಲ ತಿಳಿದಿದ್ದೆವು.

ಥಿಯೇಟರುಗಳು ಕಿರುಚಿತ್ರ ಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಪೆಪ್ಪರ್‌ಟ್ರೀ ಮುಚ್ಚಿತು. ಟೆಲಿವಿಷನ್ನಿಗೆ ಅವಸರದ ಕಾರ್ಟೂನು ಮಾಡುವ ಕಂಪನಿಯೊಂದರಲ್ಲಿ ವರ್ನಾ ಅವರು ಕೆಲವು ಕಾಲ ದುಡಿದರು. ಅಲ್ಲಿ ಪಾತ್ರಗಳ ಬಾಯಿ ಮಾತ್ರ ಅಲುಗುತ್ತಿತ್ತು, ಯಾರೂ ಯೋಚನೆ ಮಾಡುತ್ತಿರಲಿಲ್ಲ ಎಂದು ಅವರು ಹೇಳುತ್ತಾರೆ. ಆಮೇಲೆ ನಮ್ಮ ಕಾಲೇಜಿಗೆ ಬಂದರು. ನಿವೃತ್ತಿಯವರೆಗೂ ಇಲ್ಲಿಯೇ ಕಲಿಸಿದರು.

ಈ ಲೇಖಕಿ ಅವರ ತರಗತಿಗೆ ಸೇರಿದ ಮೊದಲ ವಾರ, ಕೈ ಬೆವರಿ ಒಂದಿಡೀ ದೃಶ್ಯದ ಹಾಳೆಗಳ ಮೇಲೆ ಬೆರಳಚ್ಚು ಮೂಡಿಸಿ ಅಳುತ್ತ ಕುಳಿತಿದ್ದಳು. ವರ್ನಾ ಅವರು ಏನನ್ನೂ ಕೇಳದೆ ಪಕ್ಕದಲ್ಲಿ ಕುಳಿತರು. ತಮ್ಮ ಬಿಳಿಯ ಹತ್ತಿಯ ಕೈಗವಸನ್ನು ಬಿಚ್ಚಿ, ಪೆನ್ನು ಹಿಡಿಯುವ ಬೆರಳುಗಳ ಜಾಗವನ್ನು ಕತ್ತರಿಸಿ, ಅವಳ ಕೈಗೆ ಹಾಕಿ, ಒದ್ದೆ ಬಟ್ಟೆಯಿಂದ ಹಾಳೆಗಳನ್ನು ಒಂದೊಂದಾಗಿ ಒರೆಸಲು ತಾವೇ ತೊಡಗಿದರು. ಕೇಕು ಮರುದಿನ ಬಂತು. ಆ ಕೈಗವಸು ಇನ್ನೂ ಇದೆ.

ತರಗತಿಯಲ್ಲಿ ಹಳೆಯ ಚಿತ್ರ ತೋರಿಸಿದಾಗಲೆಲ್ಲ ಯಾರಾದರೂ ಕೇಳುತ್ತಿದ್ದರು, ಅಜ್ಜನ ಕಾಲದ ಈ ಕಾರ್ಟೂನಿಗೆ ನಮಗೇಕೆ ನಗು ಬರುತ್ತದೆ ಎಂದು. ದೊಡ್ಡ ಪುಸ್ತಕಗಳಲ್ಲಿ ಅದಕ್ಕೆ ದೊಡ್ಡ ಉತ್ತರಗಳಿವೆ. ವರ್ನಾ ಅವರು ಕನ್ನಡಕ ತೆಗೆದು ಒರೆಸುತ್ತ, "ನನಗೆ ಗೊತ್ತಿಲ್ಲ. ಇನ್ನೊಂದು ಸಲ ಹಾಕಿ ನೋಡೋಣ," ಎನ್ನುತ್ತಿದ್ದರು. ಅದು ವಿನಯದ ಮಾತೆಂದು ನಾವು ಭಾವಿಸಿದ್ದೆವು. ಅದು ಅವರ ಮನಸ್ಸಿನ ನಿಜವಾದ ಕಳವಳವೆಂದು ತಿಳಿದದ್ದು ಈ ವರ್ಷ.

ಬೀಳ್ಕೊಡುಗೆಗೆಂದು ಹಳೆಯ ವಿದ್ಯಾರ್ಥಿಗಳು ಪಸಾಡೀನಾದ ಥಿಯೇಟರೊಂದರಲ್ಲಿ, 'ಒಂದೇ ಪೆಟ್ಟಿಗೆ'ಯೂ ಸೇರಿದಂತೆ, ಪೆಪ್ಪರ್‌ಟ್ರೀಯ ಕಿರುಚಿತ್ರಗಳ ಪ್ರದರ್ಶನ ಇಟ್ಟುಕೊಂಡಿದ್ದರು. ಊರಿನವರಿಗೂ ಬಾಗಿಲು ತೆರೆದಿತ್ತು. ಎಲ್ಲರೂ ಒಳಗೆ ಕುಳಿತ ಮೇಲೂ ವರ್ನಾ ಅವರು ಹೊರಗಿನ ಮೊಗಸಾಲೆಯ ಬೆಂಚಿನಿಂದ ಏಳಲಿಲ್ಲ.

"ಎನಿಡ್, ನೀನು ಹೋಗಿ ಕೂತ್ಕೋ. ನಾನು ಬರಲ್ಲ," ಎಂದರು, ಕರೆಯಲು ಬಂದ ಈ ಲೇಖಕಿಗೆ.

"ಮಿಸ್ ಆಸ್ಟ್ರಾಂಡರ್, ನಿಮಗೋಸ್ಕರ ಮಾಡಿರೋದು ಇದು."

"ಅದಕ್ಕೇ," ಎಂದವರು, ಗ್ಲೆಂಡೇಲಿನ ಆ ಸಂಜೆಯದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದರು. ಡೆಲ್ಬರ್ಟ್ ತೀರಿಕೊಂಡು ಮೂರು ವರ್ಷವಾಗಿತ್ತು. ಅವರಿಗೆ ಹೇಳಬೇಕಾಗಿತ್ತೋ, ಹೇಳದೆ ಇದ್ದದ್ದೇ ಒಳ್ಳೆಯದಾಯಿತೋ ಎಂಬುದೂ ವರ್ನಾ ಅವರಿಗೆ ಬಗೆಹರಿದಿರಲಿಲ್ಲ.

"ಆದ್ರೆ ಆಮೇಲೆ ಎಷ್ಟು ಕಡೆ ತೋರಿಸಿದ್ರು, ಎಲ್ಲ ಕಡೆ ನಕ್ಕಿದ್ದಾರಲ್ಲ."

"ಎಲ್ಲ ಕಡೆ ನಾನಿದ್ದೆ."

"ನೀವು ಬಾಯಿ ಮುಚ್ಕೊಂಡಿದ್ರಿ."

"ಭುಜ ಅಲುಗಿರಬಹುದು," ಎಂದರು ವರ್ನಾ ಅವರು, ತಮಾಷೆಯ ಲವಲೇಶವೂ ಇಲ್ಲದೆ. "ಒಂದು ಸಲ ನಾನಿಲ್ಲದೆ ಆಗಲಿ. ನೀನು ನೋಡ್ಕೊಂಡು ಬಾ. ಒಳಗಿರೋರೆಲ್ಲ ನನ್ನ ಹುಡುಗರು, ಅವರು ನಕ್ಕರೆ ಲೆಕ್ಕಕ್ಕಿಲ್ಲ. ಹೊರಗಿನವರು ಮೊದಲು ನಗ್ತಾರಾ ನೋಡು. ನೀನು ಮಾತ್ರ ನಗಬೇಡ."

ತಾನು ನಕ್ಕುಬಿಟ್ಟರೆ ಒಬ್ಬರ ಜೀವಮಾನದ ಪ್ರಶ್ನೆ ಹಾಳಾಗುತ್ತದೆಂದು ತಿಳಿದು ಕಾರ್ಟೂನು ನೋಡುವುದು ಎಂಥ ಕಷ್ಟವೆಂದು ಅಂದು ಈ ಲೇಖಕಿಗೆ ಗೊತ್ತಾಯಿತು. ಅಂದು ಹಾಕಿಕೊಂಡು ಬಂದಿದ್ದ ಆ ಹಳೆಯ ಕೈಗವಸಿನ ಕೈಯಿಂದ ಮೂಗು ಹಿಡಿದುಕೊಂಡು ಅವಳು ಪರದೆಯನ್ನು ಬಿಟ್ಟು ಜನರನ್ನೇ ನೋಡಿದಳು. ವಿದ್ಯಾರ್ಥಿಗಳು ಕ್ರೇನ್ ಮುರಿದಾಗಲೂ ನಗಲಿಲ್ಲ. ಗುರುಗಳಿಗೆ ಗೌರವವೆಂದು ಚರ್ಚಿನಲ್ಲಿ ಕೂತಂತೆ ಕೂತಿದ್ದರು. ಆಮೆ ಬಂತು, ಹೋಯಿತು. ಹೆಜ್ಜಾರ್ಲೆ ನೋಡತೊಡಗಿತು. ಸದ್ದಿಲ್ಲ. ಆ ನಿಶ್ಶಬ್ದ ಎಷ್ಟು ಉದ್ದವಾಯಿತೆಂದರೆ, ಹಾಳೆ ಕಳೆದಿದೆಯೇನೋ ಎಂದು ಈ ಲೇಖಕಿಗೂ ಅನ್ನಿಸಿತು.

ಆಗ ನಡುವಿನ ಸಾಲಿನ ಅಂಚಿನಲ್ಲಿ, ತೊಡೆಯ ಮೇಲೆ ಅಂಗಡಿಯ ಕಾಗದದ ಚೀಲ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ನಕ್ಕರು. ಚೀಲದಿಂದ ಸೆಲರಿ ಸೊಪ್ಪಿನ ದಂಟು ಹೊರಗೆ ಚಾಚಿತ್ತು. ಅವರು ನಕ್ಕ ರಭಸಕ್ಕೆ ಅದು ಅಲ್ಲಾಡಿತು. ಅವರ ಹಿಂದಿನವರು ನಕ್ಕರು. ರೆಪ್ಪೆ ಬಡಿಯಿತು, ಇಡೀ ಥಿಯೇಟರು ನಕ್ಕಿತು.

ಲೇಖನ ಇಲ್ಲಿಗೆ ಮುಗಿಯಬೇಕು. ವರ್ನಾ ಅವರು ನೂರು ಕಾಲ ನಮ್ಮ ನಡುವೆ ಇರಲಿ. ಲೂಪೆ ಅವರ ಜೊತೆಗೂಡಿ ಮಾಡುತ್ತಿರುವ, ಪೆಪ್ಪರ್‌ಟ್ರೀಯ ಉಳಿದ ಹಾಳೆಗಳನ್ನು ಒರೆಸಿ ಜೋಡಿಸಿಡುವ ಕೆಲಸ ಅವರ ಕೈಯಿಂದಲೇ ಪೂರ್ತಿಯಾಗಲಿ. ಕೇಕು ನಮಗೆ ಬರುತ್ತಲೇ ಇರಲಿ. ಇನ್ನು ಮುಂದೆ ಅವರು ಕೊನೆಯ ಸಾಲನ್ನು ಬಿಟ್ಟು ನಡುವಿನ ಸಾಲಿನಲ್ಲಿ, ಕತ್ತಿನ ವಸ್ತ್ರವನ್ನು ಕತ್ತಿನಲ್ಲೇ ಇಟ್ಟುಕೊಂಡು ಕೂರುವಂತಾಗಲಿ ಎಂದು ಅವರ ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇವೆ. ಆದರೆ ಆ ದಿನ ಆಮೇಲೆ ನಡೆದದ್ದನ್ನು ಬಿಟ್ಟರೆ, ಕರಡಿನ ಅಂಚಿನಲ್ಲಿ 'ಇಲ್ಲಿ ಹಾಳೆ ಕಳೆದಿದೆ' ಎಂದು ಅವರು ಬರೆಯುವುದು ಖಂಡಿತ.

ಈ ಲೇಖಕಿ ಹೊರಗೆ ಬಂದು ಕಂಡದ್ದನ್ನು ಹೇಳುತ್ತಿರುವಾಗಲೇ ಆ ಹೆಂಗಸು ಬಾಗಿಲು ತಳ್ಳಿಕೊಂಡು ಬಂದರು. ವರ್ನಾ ಅವರು ಎದ್ದು ನೇರವಾಗಿ ಅವರ ಬಳಿ ಹೋದರು.

"ಸಿನಿಮಾ ಹೇಗಿತ್ತು?"

ಆ ಹೆಂಗಸು ಗಾಬರಿಯಾದರು. "ನೀವು ಥಿಯೇಟರಿನವರಾ? ನೋಡಿ, ಟಿಕೆಟ್ ಇದೆ ನನ್ನ ಹತ್ರ. ನನಗೆ ಪಕ್ಕದ ಹಾಲಿಗೆ ಹೋಗ್ಬೇಕಿತ್ತು, ಆ ಅಳೋ ಸಿನಿಮಾಕ್ಕೆ. ಬಾಗಿಲು ತಪ್ಪಿ ಇಲ್ಲಿಗೆ ಬಂದೆ."

"ಗೊತ್ತಾದ ಮೇಲೆ ಎದ್ದು ಬರಬಹುದಿತ್ತಲ್ಲ?"

"ಬರೋಣ ಅಂತ ಏಳೋದ್ರಲ್ಲಿದ್ದೆ. ಅಷ್ಟರಲ್ಲಿ ಆ ಹಕ್ಕಿ ನನ್ನನ್ನೇ ನೋಡೋಕೆ ಶುರು ಮಾಡ್ತು. ಎದ್ದು ಹೋದ್ರೆ ಬೇಜಾರು ಮಾಡ್ಕೊಳ್ಳುತ್ತೇನೋ ಅನ್ನಿಸ್ತು." ತಾವೇನು ಹೇಳಿದೆವೆಂದು ಅವರಿಗೇ ವಿಚಿತ್ರವೆನಿಸಿರಬೇಕು, ಕಿವಿಯವರೆಗೂ ಕೆಂಪಾದರು.

"ಅಲ್ಲಿ ಯಾರೋ ಮೊದಲು ನಕ್ಕರಂತೆ," ಎಂದರು ವರ್ನಾ ಅವರು.

"ನಾನಲ್ಲಪ್ಪ. ಹಿಂದೆ ಯಾರೋ ಇರಬೇಕು."

ಆ ಮಾತನ್ನು ಕೇಳಿ ವರ್ನಾ ಅವರು ಬಹಳ ಹೊತ್ತು ಸುಮ್ಮನೆ ಅವರನ್ನು ನೋಡಿದರು. ಆಮೇಲೆ ಒಮ್ಮೆ ರೆಪ್ಪೆ ಬಡಿದರು. "ಹೌದು, ಹಿಂದಿನವರೇ ಇರಬೇಕು," ಎಂದರು.

ಆ ಹೆಂಗಸಿಗೆ ಸಮಾಧಾನವಾಯಿತು. ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಮನೇಲಿ ನಮ್ಮಕ್ಕ ಆ ಅಳೋ ಸಿನಿಮಾದ ಕಥೆ ಕೇಳೋಕೆ ಕಾಯ್ತಿರ್ತಾಳೆ. ಬಾಗಿಲು ತಪ್ಪಿ ಹಕ್ಕಿ ನೋಡ್ಕೊಂಡು ಕೂತಿದ್ದೆ ಅಂದ್ರೆ ವರ್ಷಗಟ್ಟಲೆ ಆಡ್ಕೊಂಡು ನಗ್ತಾಳೆ. ತಲೆನೋವು ಬಂತು, ಹೊರಗೆ ಬಂದೆ ಅಂತೀನಿ. ಇದನ್ನ ನಾನು ಯಾರಿಗೂ ಹೇಳಲ್ಲ."